ಹೋಯಾ ಬೆಳೆಸುವುದು ಹೇಗೆ: ಎಲೆ ಬಿಡಿ, ಬೇರು ನೋಡಿ

ಮನೆಯಲ್ಲಿ ಬೆಳೆಸುವ ಹೂಬಳ್ಳಿ ಹೋಯಾ ಸತ್ತುಹೋಯಿತು ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ನಾನು ಮೊದಲು ಕೇಳುವುದು ಮಣ್ಣಿನ ವಿಷಯ. ಉತ್ತರ ಬಹುಪಾಲು ಒಂದೇ ಥರ ಇರುತ್ತದೆ. ತೋಟದ ಮಣ್ಣು, ಮೇಲೊಂದಿಷ್ಟು ಗೊಬ್ಬರ, ದೊಡ್ಡ ಕುಂಡ, ದಿನಾ ನೀರು. ದಾಸವಾಳಕ್ಕೆ ಮಾಡುವ ಆರೈಕೆಯನ್ನೆಲ್ಲ ಮಾಡಿರುತ್ತಾರೆ. ಪ್ರೀತಿಗೇನೂ ಕಮ್ಮಿ ಇಲ್ಲ. ಬೇರು ಮಾತ್ರ ಕೊಳೆತಿರುತ್ತದೆ.

ಈ ಬಳ್ಳಿಗಳಲ್ಲಿ 300ಕ್ಕೂ ಹೆಚ್ಚು ಜಾತಿಗಳಿವೆ. ಹಿಮಾಲಯ, ಪಶ್ಚಿಮ ಘಟ್ಟ, ದಕ್ಷಿಣ ಚೀನಾ, ಫಿಲಿಪ್ಪೀನ್ಸ್, ನ್ಯೂಗಿನಿ, ಆಸ್ಟ್ರೇಲಿಯಾ, ಹೀಗೆ ಬಹಳ ಕಡೆ ಹರಡಿಕೊಂಡಿವೆ. ಇವುಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಮಣ್ಣಿನ ಸಹವಾಸಕ್ಕೇ ಹೋಗುವುದಿಲ್ಲ. ಮರದ ಕೊಂಬೆ, ಪಾಚಿ ಕಟ್ಟಿದ ತೊಗಟೆ, ಬಂಡೆಯ ಸಂದು, ಇಂಥ ಕಡೆ ಬೇರು ಬಿಟ್ಟು ಹಬ್ಬುತ್ತವೆ. ಮಳೆ ಬಂದಾಗ ಬೇರು ಪೂರ್ತಿ ನೆನೆಯುತ್ತದೆ, ಮಳೆ ನಿಂತ ಮೇಲೆ ಗಾಳಿಗೆ ಒಣಗುತ್ತದೆ. ಕುಂಡದಲ್ಲೂ ಇದೇ ಆಗಬೇಕು. ನೀವಿರುವ ಜಾಗ ಬಿಸಿಯೋ ತಂಪೋ, ಮಳೆಯೋ ಒಣಹವೆಯೋ, ಅದನ್ನು ನೋಡಿಕೊಂಡು ಕುಂಡ ಎಷ್ಟು ಬೇಗ ಒಣಗಬೇಕು ಅನ್ನುವುದನ್ನು ಹೊಂದಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಹಂತ 1: ಗಿಡ ಆರಿಸುವುದು

ಹೊಸಬರು ಹೋಯಾ ಕಾರ್ನೋಸಾ ಅಥವಾ ಹೋಯಾ ಪ್ಯೂಬಿಕ್ಯಾಲಿಕ್ಸ್ ತೆಗೆದುಕೊಳ್ಳಿ. ಎರಡೂ ಗಟ್ಟಿ ಪಿಂಡ. ಬಿಸಿ ಜಾಗದವರಿಗೆ ಆಸ್ಟ್ರಾಲಿಸ್, ಒಬೊವೇಟಾ, ಕೆರ್ರಿ ಕೂಡ ಆಗುತ್ತವೆ. ಬೆಟ್ಟದ ತಂಪಿರುವ ಕಡೆ ಲೀನಿಯಾರಿಸ್, ಬೆಲ್ಲಾ, ಪಾಲಿನ್ಯೂರಾ ಚೆಂದ ಬರುತ್ತವೆ. ಬಿಸಿ ಬಯಲಲ್ಲಿ ಕೂತು ಲೀನಿಯಾರಿಸ್ ಬೇಕೇ ಬೇಕು ಅಂತ ಹಟ ಮಾಡಬೇಡಿ. ಅದು ಹಿಮಾಲಯದ ಗಿಡ, ಬೇಸಿಗೆ ಕಳೆಯುವಷ್ಟರಲ್ಲಿ ಸೊರಗಿ ಹೋಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಪುಟ್ಟ ಕುಂಡದಲ್ಲಿ ಒಂದೇ ಒಂದು ಹೃದಯದಾಕಾರದ ಎಲೆ ನೆಟ್ಟು ಮಾರುತ್ತಾರಲ್ಲ, ಅದು ಹೋಯಾ ಕೆರ್ರಿಯ ಎಲೆ. ಎಲೆ ಬೇರು ಬಿಡುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ. ಆದರೆ ಜೊತೆಯಲ್ಲಿ ಕಾಂಡದ ಗಿಣ್ಣು, ಅಂದರೆ ಎಲೆ ಹುಟ್ಟುವ ಗಂಟು, ಇಲ್ಲದಿದ್ದರೆ ಅದರಿಂದ ಬಳ್ಳಿ ಬರುವುದಿಲ್ಲ. ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ಉಡುಗೊರೆಗೆ ಸರಿ, ಬೆಳೆಸುವ ಆಸೆಯಿದ್ದರೆ ಕಾಂಡ ಇರುವ ಗಿಡವನ್ನೇ ಕೇಳಿ ತನ್ನಿ.

ಹಂತ 2: ಮಿಶ್ರಣ, ಕುಂಡ

ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ತೋಟದ ಮಣ್ಣು ಬೇಡ. ಒಂದು ಹಿಡಿಯೂ ಬೇಡ. ಮಣ್ಣಿನ ಸಣ್ಣ ಕಣಗಳು ನೀರು ಹಾಕಿದ ಹಾಗೆಲ್ಲ ಒತ್ತಿಕೊಂಡು ಕೂರುತ್ತವೆ, ಸಂದಿನಲ್ಲಿ ಗಾಳಿಗೆ ಜಾಗ ಉಳಿಯುವುದಿಲ್ಲ. ಬೇರಿಗೂ ಆಮ್ಲಜನಕ ಬೇಕು. ಅದು ಸಿಗದೆ ಒದ್ದೆಯಲ್ಲೇ ಕೂತ ಬೇರು ಸಾಯುತ್ತದೆ, ಆಮೇಲೆ ಕೊಳೆಸುವ ಶಿಲೀಂಧ್ರಗಳು ಮಿಕ್ಕ ಕೆಲಸ ಮಾಡುತ್ತವೆ.

ನನ್ನ ಲೆಕ್ಕ ಹೀಗೆ: ಎರಡು ಪಾಲು ತೊಗಟೆ ಚೂರು ಅಥವಾ ತೆಂಗಿನ ಸಿಪ್ಪೆಯ ಚೂರು, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಒಂದು ಪಾಲು ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), ಮೇಲೊಂದು ಹಿಡಿ ಇದ್ದಿಲ ಚೂರು. ಚೂರುಗಳು ಬೆರಳ ಉಗುರಿನಷ್ಟಿದ್ದರೆ ಚೆನ್ನ, ತೀರಾ ಪುಡಿಯಾದರೆ ಮತ್ತೆ ಅದೇ ಕಥೆ. ತೆಂಗಿನದ್ದು ಯಾವುದೇ ಇರಲಿ, ಬಳಸುವ ಮುಂಚೆ ನೀರಲ್ಲಿ ನೆನೆಸಿ ಎರಡು ಮೂರು ಸಲ ತೊಳೆಯಿರಿ. ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ, ತೊಳೆಯದೆ ಹಾಕಿದರೆ ಎಲೆಯ ತುದಿ ಸುಟ್ಟಂತೆ ಕಾಣುತ್ತದೆ. ಸಿದ್ಧ ಮಿಶ್ರಣದ ಚೀಲ ಕೊಳ್ಳುವವರು ಒಳಗೇನಿದೆ ಅಂತ ಮುಟ್ಟಿ ನೋಡಿ. ಆರ್ಕಿಡ್ ಮಿಶ್ರಣ ಅಂತ ಬರೆದು ಒಳಗೆ ಕರಿ ಪುಡಿ ತುಂಬಿರುವುದೂ ಉಂಟು. ಹಿಡಿಯಲ್ಲಿ ಒತ್ತಿ ಬಿಟ್ಟಾಗ ಉಂಡೆಯಾಗಿ ನಿಂತರೆ ಅದು ಹೋಯಾಗೆ ಬೇಡ.

ಕುಂಡ ಚಿಕ್ಕದಿರಲಿ. ಬೇರಿನ ಗುಚ್ಛಕ್ಕಿಂತ ಒಂದು ಇಂಚು ಅಗಲ ಜಾಸ್ತಿ ಇದ್ದರೆ ಸಾಕು. ‘ಹೇಗೂ ಬೆಳೆಯುತ್ತಲ್ವಾ, ಈಗಲೇ ದೊಡ್ಡದಕ್ಕೆ ಹಾಕೋಣ’ ಅಂತ ಯೋಚಿಸುವವರೇ ಹೆಚ್ಚು ಗಿಡ ಕಳೆದುಕೊಳ್ಳುವುದು. ಬೇರು ತಲುಪದ ಮಿಶ್ರಣದ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ. ಇನ್ನು ಕುಂಡದ ತಳಕ್ಕೆ ಜಲ್ಲಿ ಹಾಕುವ ಅಭ್ಯಾಸ. ನೀರು ಬಸಿಯಲಿ ಅಂತ ಹಾಕುತ್ತಾರೆ, ಆಗುವುದು ಉಲ್ಟಾ. ಸಣ್ಣ ಕಣದ ಮಿಶ್ರಣದಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮೇಲೇ ತಡೆದು ನಿಲ್ಲುತ್ತದೆ. ಅಂದರೆ ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬಂತು. ತಳದಲ್ಲಿ ತೂತಿದ್ದರೆ ಸಾಕು, ಜಲ್ಲಿ ಬೇಡ.

ಹೊಸ ಗಿಡ ತಂದ ಮೇಲೆ ಬುಡ ಬಿಡಿಸಿ ನೋಡಿ. ನರ್ಸರಿಗಳಲ್ಲಿ ಬಳ್ಳಿಯಿಂದ ಕತ್ತರಿಸಿದ ಕಡ್ಡಿಗೆ ಬೇರು ಬರಿಸುವಾಗ ಅದನ್ನು ಸಣ್ಣ ಬಲೆ ಚೀಲದಲ್ಲೋ ಒತ್ತಿದ ಪೀಟ್ (ಅರೆ ಕೊಳೆತ ಪಾಚಿಯ ಪುಡಿ) ಬಿಲ್ಲೆಯಲ್ಲೋ ನೆಡುತ್ತಾರೆ. ಅದು ಗಿಡದ ಮಧ್ಯದಲ್ಲಿ ಹಾಗೇ ಉಳಿದಿರುತ್ತದೆ. ಸುತ್ತಲಿನ ಮಿಶ್ರಣ ಒಣಗಿದ್ದರೂ ನಡುವಿನ ಉಂಡೆ ನೀರು ಹಿಡಿದಿರುತ್ತದೆ, ಕೊಳೆತ ಅಲ್ಲಿಂದಲೇ ಶುರುವಾಗುತ್ತದೆ. ಬಲೆಯನ್ನು ಕತ್ತರಿಯಿಂದ ಕತ್ತರಿಸಿ ನಿಧಾನಕ್ಕೆ ತೆಗೆಯಿರಿ. ಪೀಟ್ ಪೂರ್ತಿ ಬರದಿದ್ದರೆ ಬೇರು ಎಳೆದು ಕಿತ್ತು ಹಾಕಬೇಡಿ, ಬಂದಷ್ಟು ಬರಲಿ.

ಗಿಡದಲ್ಲಿ ಮೊಗ್ಗಿದ್ದರೆ ಕುಂಡ ಬದಲಿಸುವ ಕೆಲಸ ಮುಂದಕ್ಕೆ ಹಾಕಿ. ಚಳಿ ದೇಶದವರು ವಸಂತದವರೆಗೆ ಕಾಯಿರಿ.

ಹಂತ 3: ನೀರು

ವಾರಕ್ಕೆ ಎಷ್ಟು ಸಲ ಅಂತ ಕೇಳಬೇಡಿ. ಅದಕ್ಕೆ ಉತ್ತರವೇ ಇಲ್ಲ. ದಪ್ಪ ಎಲೆಯ ಹೋಯಾ ಆದರೆ ಬುಡದ ಕಡೆಯ ಹಳೇ ಎಲೆಯೊಂದನ್ನು ಹಿಡಿದು ಮೆಲ್ಲಗೆ ಮಡಚಲು ನೋಡಿ. ಗಟ್ಟಿಯಾಗಿ ನಿಂತರೆ ನೀರಿದೆ, ಇನ್ನೂ ಬೇಡ. ಮೆತ್ತಗೆ ಬಾಗಿದರೆ ಹಾಕಿ. ಲೀನಿಯಾರಿಸ್, ಬೆಲ್ಲಾದಂಥ ಸಣ್ಣ ಎಲೆಯವಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಅವುಗಳ ಎಲೆಯಲ್ಲಿ ನೀರಿನ ದಾಸ್ತಾನು ಕಮ್ಮಿ, ಪೂರ್ತಿ ಒಣಗಲು ಬಿಡಬಾರದು. ಅವಕ್ಕೆ ಕುಂಡ ಎತ್ತಿ ತೂಕ ನೋಡುವುದೇ ಒಳ್ಳೆಯದು. ನೀರು ಹಾಕಿದ ಮೇಲೊಮ್ಮೆ ಎತ್ತಿ, ಒಣಗಿದ ಮೇಲೊಮ್ಮೆ ಎತ್ತಿ, ಕೈಗೆ ಲೆಕ್ಕ ಸಿಕ್ಕುತ್ತದೆ. ತೇವ ಅಳೆಯುವ ಅಗ್ಗದ ಮೀಟರುಗಳು ಇಂಥ ಒರಟು ಮಿಶ್ರಣದಲ್ಲಿ ಸುಳ್ಳು ಹೇಳುತ್ತವೆ, ದುಡ್ಡು ದಂಡ.

ಹಾಕುವಾಗ ಕಂಜೂಸಿತನ ಬೇಡ, ತಳದಿಂದ ಹರಿದು ಬರುವಷ್ಟು ಹಾಕಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ.

ಈಗ ಜನ ಮೋಸ ಹೋಗುವ ವಿಷಯ. ಎಲೆ ಸುಕ್ಕಾಗಿ ಮೆತ್ತಗಾಗಿದೆ ಅಂದ ಕೂಡಲೇ ಎಲ್ಲರ ಕೈ ಚೊಂಬಿಗೆ ಹೋಗುತ್ತದೆ. ನಿಲ್ಲಿ. ಮೊದಲು ಬೆರಳು ಹಾಕಿ ನೋಡಿ. ಮಿಶ್ರಣ ಒಣಗಿದ್ದರೆ ನೀರು ಹಾಕಿ, ಒಂದೆರಡು ದಿನದಲ್ಲಿ ಎಲೆ ತುಂಬಿಕೊಳ್ಳುತ್ತದೆ. ಮಿಶ್ರಣ ಒದ್ದೆಯಿದ್ದೂ ಎಲೆ ಸುಕ್ಕಾಗಿದೆ ಅಂದರೆ ಬೇರು ಹೋಗಿದೆ, ನೀರೆಳೆಯಲು ಅಲ್ಲಿ ಯಾರೂ ಇಲ್ಲ. ಇನ್ನಷ್ಟು ಸುರಿದರೆ ಉಳಿದ ಚೂರುಪಾರು ಬೇರೂ ಹೋಗುತ್ತದೆ. ಗಿಡ ಹೊರತೆಗೆದು ಬೇರು ಎಳೆದು ನೋಡಿ. ಆರೋಗ್ಯದ ಬೇರು ಬಿಗಿಯಾಗಿರುತ್ತದೆ, ಬಣ್ಣ ಬಿಳಿ ಅಥವಾ ತಿಳಿ ಕಂದು. ಕೊಳೆತದ್ದು ಕರಿಗಂದು, ಲೋಳೆ. ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ಮಿಶ್ರಣಕ್ಕೆ, ಇನ್ನೂ ಚಿಕ್ಕ ಕುಂಡಕ್ಕೆ ಹಾಕಿ. ಬೇರೇ ಉಳಿದಿಲ್ಲ ಅಂದರೆ ಆ ಗಿಡದ ಆಸೆ ಬಿಟ್ಟು ಗಟ್ಟಿಯಾಗಿರುವ ಬಳ್ಳಿಯಿಂದ ಕಡ್ಡಿ ಮಾಡಿಕೊಳ್ಳಿ.

ಹಂತ 4: ನಿಮ್ಮ ಹವೆಗೆ ಹೊಂದಿಸುವುದು

ಬಿಸಿ, ತೇವ, ಜೋರು ಮಳೆ ಇರುವ ಕಡೆ ಹೋಯಾ ಖುಷಿಯಾಗಿ ಬೆಳೆಯುತ್ತದೆ. ಆದರೆ ಮಳೆಗಾಲದಲ್ಲಿ ಸೂರಿನಡಿ ಇರಲಿ. ವಾರಗಟ್ಟಲೆ ಸುರಿಯುವ ಮಳೆಗೆ ಬಯಲಲ್ಲಿಟ್ಟರೆ ಎಲೆ ಮೇಲೆ ಕರಿ ಚುಕ್ಕೆ, ಬುಡದಲ್ಲಿ ಕೊಳೆ. ಕೋಕೋಪೀಟ್ ಅರ್ಧ ಕಮ್ಮಿ ಮಾಡಿ ತೊಗಟೆ ಜಾಸ್ತಿ ಮಾಡಿ, ಮಣ್ಣಿನ ಕುಂಡ ಬಳಸಿ, ಗಿಡಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ.

ಒಣ ಬಿಸಿಯ ಊರುಗಳಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಮಣ್ಣಿನ ಕುಂಡ ಒಂದೇ ದಿನದಲ್ಲಿ ಒಣಗಿ ಹೋಗಬಹುದು, ಪ್ಲಾಸ್ಟಿಕ್ ಕುಂಡವೇ ವಾಸಿ. ಕೋಕೋಪೀಟ್ ಇನ್ನೊಂದು ಪಾಲು ಸೇರಿಸಿ. ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಾಮಾನ್ಯವಾಗಿ ಬೆಳವಣಿಗೆ ನಿಧಾನವಾಗುತ್ತದೆ. ಆಗ ಗೊಬ್ಬರ ಕೊಟ್ಟು ಎಬ್ಬಿಸಲು ಹೋಗಬೇಡಿ, ನೆರಳು ಕೊಡಿ. ಹತ್ತು ಕುಂಡ ಒಟ್ಟಿಗೆ ಇಟ್ಟರೆ ಸುತ್ತ ತೇವ ಸ್ವಲ್ಪ ಹೆಚ್ಚುತ್ತದೆ. ಬಾಟಲಿಯಿಂದ ನೀರು ಚಿಮುಕಿಸುವುದು ಹೆಚ್ಚಾಗಿ ನಮ್ಮ ಸಮಾಧಾನಕ್ಕೆ. ನಿಮಿಷಗಳಲ್ಲಿ ಆರಿಹೋಗುತ್ತದೆ, ಗಡಸು ನೀರಾದರೆ ಎಲೆ ಮೇಲೆ ಬಿಳಿ ಕಲೆ ಉಳಿಯುತ್ತದೆ.

ಚಳಿ ಜಾಸ್ತಿ ಇರುವ ಕಡೆ ಕಾರ್ನೋಸಾ 10 ಡಿಗ್ರಿ ತನಕ ಸಹಿಸುತ್ತದೆ, ಬಿಸಿ ಕಾಡಿನ ಜಾತಿಗಳಿಗೆ 15ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. ಹಿಮ ಬೀಳುವ ದೇಶದಲ್ಲಿ ಗಿಡ ಒಳಗೇ ಇರಬೇಕು. ಅಲ್ಲಿ ಚಳಿಗಾಲದ ದೊಡ್ಡ ಕೊರತೆ ಬೆಳಕು. ಬೆಳಕು ಕಮ್ಮಿಯಾದರೆ ಗಿಡ ಕುಡಿಯುವುದೂ ಕಮ್ಮಿ, ಆದ್ದರಿಂದ ಬೇಸಿಗೆಯ ಅಭ್ಯಾಸದಲ್ಲೇ ನೀರು ಹಾಕುತ್ತಾ ಹೋದರೆ ಕೊಳೆಯುತ್ತದೆ. ದಿನಕ್ಕೆ 12 ಗಂಟೆ ಗ್ರೋ ಲೈಟ್, ಅಂದರೆ ಗಿಡಕ್ಕೆಂದೇ ಮಾಡಿದ ದೀಪ, ಕೊಟ್ಟರೆ ಬಹಳ ವ್ಯತ್ಯಾಸ ಕಾಣುತ್ತದೆ. ಎಲೆ ಕಿಟಕಿಯ ತಣ್ಣನೆ ಗಾಜಿಗೆ ತಾಗಬಾರದು, ಹೀಟರಿನ ಬಿಸಿ ಗಾಳಿ ನೇರವಾಗಿ ಬಡಿಯಬಾರದು. ಎಸಿ ಗಾಳಿಗೂ ಇದೇ ಮಾತು.

ಹಂತ 5: ಬೆಳಕು, ಗೊಬ್ಬರ

ಬೆಳಗಿನ ಎಳೆ ಬಿಸಿಲು, ಉಳಿದ ಹೊತ್ತು ಒಳ್ಳೆ ಬೆಳಕು. ಮಧ್ಯಾಹ್ನದ ಸುಡು ಬಿಸಿಲು ಬೇಡ. ಬೆಳೆಯುವ ಕಾಲದಲ್ಲಿ ದ್ರವ ಗೊಬ್ಬರ, ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಪ್ರಮಾಣ, ತಿಂಗಳಿಗೆ ಒಂದೆರಡು ಸಲ. ಎಲೆ ಹೊಳಪಿನ ಸ್ಪ್ರೇ ದಯವಿಟ್ಟು ಕೊಳ್ಳಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಾ ಎಲೆ ತಾನೇ ಹೊಳೆಯುತ್ತದೆ.

ಹಂತ 6: ಕಡ್ಡಿಯಿಂದ ಹೊಸ ಗಿಡ

ಎರಡು ಗಿಣ್ಣಿರುವ ತುಂಡು ಕತ್ತರಿಸಿ. ಎಕ್ಕದ ಕುಟುಂಬದ ಗಿಡವಾದ್ದರಿಂದ ಬಿಳಿ ಹಾಲು ಸುರಿಯುತ್ತದೆ. ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಹಾಲು ಆರುವ ತನಕ ತುಂಡನ್ನು ಪಕ್ಕಕ್ಕಿಡಿ. ಕೆಳಗಿನ ಗಿಣ್ಣಿನ ಎಲೆ ತೆಗೆದು, ನೆನೆಸಿ ನೀರು ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ (ತೇವ ಹಿಡಿದಿಡುವ ಒಂದು ಬಗೆಯ ಪಾಚಿ) ಆ ಗಿಣ್ಣು ಹೂತುಹೋಗುವಂತೆ ನೆಟ್ಟು, ಮೇಲೊಂದು ಪಾರದರ್ಶಕ ಚೀಲ ಮುಚ್ಚಿ ಬೆಚ್ಚಗಿನ ಜಾಗದಲ್ಲಿಡಿ. ಮೂರರಿಂದ ಆರು ವಾರ ಸುಮ್ನೆ ಬಿಡಿ. ಬೇರು ಬಂತಾ ಅಂತ ದಿನಾ ಎಳೆದು ನೋಡುವವರಿಗೆ ಬೇರು ಬರುವುದಿಲ್ಲ. ನೀರಿನ ಲೋಟದಲ್ಲೂ ಬೇರು ಬರುತ್ತದೆ, ಆದರೆ ಆ ಬೇರು ಒಣ ಮಿಶ್ರಣಕ್ಕೆ ಹೊಂದಿಕೊಳ್ಳಲು ಒದ್ದಾಡುತ್ತದೆ. ನನಗೆ ಪಾಚಿಯೇ ಇಷ್ಟ.

ಹಂತ 7: ಹೂವು, ಮತ್ತೆ ಕತ್ತರಿ ಹಿಡಿದ ಕೈ

ಬಳ್ಳಿ ಒಮ್ಮೊಮ್ಮೆ ಎಲೆಯೇ ಇಲ್ಲದ ಉದ್ದ ಕುಡಿ ಚಾಚುತ್ತದೆ. ನೋಡಲು ಒಣಕಡ್ಡಿ ಥರ. ಕತ್ತರಿಸಬೇಡಿ, ಅದು ಆಧಾರ ಹುಡುಕುತ್ತಿದೆ, ಎಲೆ ಆಮೇಲೆ ಬರುತ್ತದೆ. ತುದಿ ಮೇಲ್ಮುಖವಾಗಿರುವಂತೆ ಒಂದು ಕಂಬಿಗೋ ಬಳೆಗೋ ಸುತ್ತಿ.

ಹೂ ಬಿಡುವುದಕ್ಕೆ ಗಿಡ ಬಲಿಯಬೇಕು, ಕೆಲವು ಜಾತಿಗಳಿಗೆ ವರ್ಷಗಳೇ ಬೇಕು. ಬಲಿತ ಗಿಡವೂ ಹೂ ಬಿಡದಿದ್ದರೆ ಕಾರಣ ಸಾಮಾನ್ಯವಾಗಿ ಬೆಳಕಿನ ಕೊರತೆ. ಹೂ ತರಿಸುತ್ತೇವೆ ಅನ್ನುವ ವಿಶೇಷ ಪುಡಿಗಳು ಅದನ್ನು ತುಂಬಿಕೊಡುವುದಿಲ್ಲ. ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಬೇಡಿ, ಪೂರ್ತಿ ಒಣಗಲೂ ಬಿಡಬೇಡಿ. ಎರಡರಲ್ಲಿ ಯಾವುದು ಆದರೂ ಮೊಗ್ಗು ಉದುರುತ್ತದೆ.

ಹೂ ಬಾಡಿದ ಮೇಲೆ ಉಳಿಯುವ ತೊಟ್ಟನ್ನು ಕೀಳಬೇಡಿ. ಬಹುತೇಕ ಜಾತಿಗಳು ಅದೇ ತೊಟ್ಟಿನಲ್ಲಿ ಮತ್ತೆ ಮತ್ತೆ ಹೂ ಬಿಡುತ್ತವೆ. ಗಿಡ ಚೊಕ್ಕಟ ಮಾಡುತ್ತೇವೆ ಅಂತ ಅದನ್ನು ಕತ್ತರಿಸಿ, ಮುಂದಿನ ವರ್ಷ ಹೂವೇ ಇಲ್ಲ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ. 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಎಕ್ಕ, ಕಣಗಿಲೆಗೆ ಬರುವ ಹಳದಿ ಹೇನು ಎಳೆ ಕುಡಿಗೂ ಮೊಗ್ಗಿಗೂ ಮುತ್ತುತ್ತದೆ, ಅದಕ್ಕೆ ಜೋರು ನೀರು ಸಾಕು. ಬೇವಿನ ಎಣ್ಣೆ ಸಿಂಪಡಿಸುವುದಾದರೆ ಸಂಜೆ ಮಾತ್ರ, ಬಿಸಿಲಿಗೆ ಎಲೆ ಸುಡುತ್ತದೆ.

ಹೂವಿನಿಂದ ಅಂಟು ಜೇನು ತೊಟ್ಟಿಕ್ಕುತ್ತದೆ, ಕೆಳಗೆ ಪುಸ್ತಕ, ಬಟ್ಟೆ ಇಡಬೇಡಿ. ಅದಕ್ಕೆ ಇರುವೆ ಬಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೂವೇ ಇಲ್ಲದ ಗಿಡಕ್ಕೆ ಇರುವೆ ಸಾಲು ಹತ್ತಿದೆ ಅಂದರೆ ಮಾತ್ರ ಎಲೆ ಮಗುಚಿ, ಬುಡವನ್ನೂ ಕೆದಕಿ ನೋಡಿ. ಹಿಟ್ಟು ತಿಗಣೆ ಬೇರಿನಲ್ಲೂ ಕೂತಿರುತ್ತದೆ.