ಆಷಾಢದ ಐದು ಕೊಳಗ ಭತ್ತ

ನಮ್ಮ ಮನೆ ಅಟ್ಟದಲ್ಲಿ ಸಿಕ್ಕಿದ ಕಡತ ಓದಲು ನನಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಮನೆ ಇರುವುದು ತೀರ್ಥಹಳ್ಳಿ ಕಡೆ. ಹಿಂದೆ ಊರಿನ ಶಾನುಭೋಗಿಕೆ ನಮ್ಮವರ ಕೈಯಲ್ಲೇ ಇತ್ತು.

ಕಡತ ನೋಡದವರಿಗೆ ಒಂದು ಮಾತು. ಅದು ಬಟ್ಟೆ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಬೀಸಣಿಗೆಯ ಹಾಗೆ ಮಡಚುವುದು, ಬಳಪದಲ್ಲಿ ಬರೆಯುವುದು. ಬಿಡಿಸಿದರೆ ನಮ್ಮದು 13 ಅಡಿ ಉದ್ದ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಬೇಕಾದಷ್ಟಿವೆ. ಸ್ಲೇಟಿನ ಹಾಗೆ ಇದನ್ನೂ ಅಳಿಸಿ ಮತ್ತೆ ಬರೆಯಬಹುದು.

ಅಳಿಸಬಹುದು ಅನ್ನುವುದು ನನಗೆ ಗೊತ್ತಾಗಿದ್ದು ತಡವಾಗಿ. ಮೊದಲ ದಿನ ಧೂಳು ಹೋಗಲಿ ಅಂತ ಒಂದು ಮಡಿಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಕೈಯಲ್ಲಿದ್ದ ಬಟ್ಟೆ ಬೆಳ್ಳಗಾಯಿತು. ಆ ಮಡಿಕೆಯ ಅಕ್ಷರ ಹೋಯಿತು. ದಯವಿಟ್ಟು ಯಾರೂ ನೀರು ಮುಟ್ಟಿಸಬೇಡಿ, ಮೆತ್ತನೆಯ ಒಣ ಬ್ರಶ್ ಸಾಕು. ಆಮೇಲೆ ಪ್ರತಿ ಮಡಿಕೆಗೂ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೆದೆ. ಹಾಗೆ ಮಾಡಿದರೆ ಬಳಪ ಗೀಚಿದ ಗುರುತು ನೆರಳಿನಲ್ಲಿ ಎದ್ದು ಕಾಣುತ್ತದೆ.

ಅಕ್ಷರ ಕನ್ನಡವೇ. ಆದರೆ ಕೈ ಎತ್ತದೆ ಬರೆದದ್ದು, ಪದಗಳ ನಡುವೆ ಜಾಗವೇ ಇಲ್ಲ. ಸುಮ್ನೆ ನೋಡಿ ಓದೋಣ ಅಂತ ಹೋಗಿ ಸೋತೆ. ಕೊನೆಗೆ ಸ್ಲೇಟು, ಬಳಪ ತಂದು ದಿನಾ ಅರ್ಧ ಗಂಟೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿದೆ. ಮೂರು ತಿಂಗಳಿಗೆ ತಿರುವುಗಳು ಮೊದಲು ಕೈಗೆ ಗೊತ್ತಾದವು, ಆಮೇಲೆ ಕಣ್ಣಿಗೆ. ಅಂಕಿಗಳಿಂದ ಶುರು ಮಾಡಿದ್ದು ಒಳ್ಳೆಯದಾಯಿತು, ಅವು ಈಗಿನ ಕನ್ನಡ ಅಂಕಿಗಳಿಗೆ ಹತ್ತಿರವೇ ಇದ್ದವು. ಆಗಿನ ಚಿನ್ನದ ನಾಣ್ಯ ವರಹಕ್ಕೆ ‘ಗ’ ಅಂತ ಗುರುತು, ಅದರ ಹಳೇ ಹೆಸರು ಗದ್ಯಾಣದ ಗ. ಭತ್ತದ ಅಳತೆಗಳಲ್ಲಿ ಖಂಡುಗಕ್ಕೆ ‘ಖ’, ಕೊಳಗಕ್ಕೆ ‘ಕೊ’. 20 ಕೊಳಗ ಸೇರಿದರೆ ಒಂದು ಖಂಡುಗ.

ವರ್ಷ ಹಿಡಿಯುವುದು ಕಷ್ಟವಾಯಿತು. ವಿಳಂಬಿ ಸಂವತ್ಸರ ಅಂತ ಮಾತ್ರ ಇತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ, 1718 ಆಗಬಹುದು, 1778 ಆಗಬಹುದು, 1838 ಕೂಡ ಆಗಬಹುದು. ದಾರಿ ತೋರಿಸಿದ್ದು ಒಂದು ಮದುವೆ ಸೀರೆಯ ಲೆಕ್ಕ. ಅದಕ್ಕೆ ಬಹದ್ದೂರಿ ವರಹ ಕೊಟ್ಟಿದ್ದರು. 1763ರಲ್ಲಿ ಬಿದನೂರು ಗೆದ್ದ ಮೇಲೆ ಹೈದರಾಲಿ ಅಚ್ಚು ಹಾಕಿಸಿದ ನಾಣ್ಯ ಅದು. ಇಡೀ ಕಡತದಲ್ಲಿ ರೂಪಾಯಿಯ ಸುಳಿವಿಲ್ಲ, 1838ರದ್ದಾಗಿದ್ದರೆ ಅದು ಇರಬೇಕಿತ್ತು. ಹಾಗಾಗಿ 1778 ಅಂತ ಗಟ್ಟಿ ಮಾಡಿಕೊಂಡೆ.

ಅಷ್ಟು ದಿನ ನಾನು ರಾಜರ, ದಂಡಿನ ಹೆಸರು ಹುಡುಕುತ್ತಿದ್ದೆ. ಸಿಕ್ಕಿದ್ದು ಉಪ್ಪು. ಘಟ್ಟದ ಕೆಳಗಿಂದ ಹೇರೆತ್ತಿನ ಮೇಲೆ ಬಂದ ಉಪ್ಪು. ಹೊಗೆಸೊಪ್ಪು. ಬಾಣಂತಿಗೆ ಎಣ್ಣೆ. ದನ ಕಾಯುವ ಹುಡುಗನಿಗೆ ಒಂದು ಕಂಬಳಿ. ಹುಡುಗನ ಹೆಸರಿಲ್ಲ. ಮಳೆ ಹಿಡಿಯುವ ಮುಂಚೆಯೇ ಕೊಟ್ಟಿದ್ದಾರೆ, ಅದೊಂದು ಸಮಾಧಾನ.

ಓದಿದ್ದನ್ನೆಲ್ಲ ಚೀಟಿ ಮಾಡಿ, ತಿಂಗಳ ಲೆಕ್ಕದಲ್ಲಿ ಜಗಲಿಯ ಮೇಲೆ ಹರಡಿದೆ. ಭತ್ತದ ಸಾಲವೆಲ್ಲ ಆಷಾಢ, ಶ್ರಾವಣದಲ್ಲೇ ಬಂದು ಕೂತಿತು. ಹಳೇ ಭತ್ತ ಮುಗಿದು, ಹೊಸ ಭತ್ತಕ್ಕೆ ಇನ್ನೂ ನಾಲ್ಕೈದು ತಿಂಗಳಿರುವ ಹೊತ್ತು. ಕೆಳಗಿನ ಕೇರಿಯ ಒಬ್ಬ ಆಷಾಢದಲ್ಲಿ 5 ಕೊಳಗ ಒಯ್ದಿದ್ದಾನೆ. ಪುಷ್ಯದಲ್ಲಿ 6 ವಾಪಸ್ ಅಳೆದಿದ್ದಾನೆ. ನಾನು ಹಾಗಂತ ಬರೆದುಕೊಂಡಿದ್ದೆ.

ಎಷ್ಟೋ ದಿನದ ಮೇಲೆ ಆ 6ರ ಪಕ್ಕ ಒಂದು ಸಣ್ಣ ನಿಂತ ಗೆರೆ ಕಣ್ಣಿಗೆ ಬಿತ್ತು. ಬಟ್ಟೆಯ ಬಿರುಕು ಅಂದುಕೊಂಡು ಬಿಟ್ಟಿದ್ದೆ. ಹಳೇ ಲೆಕ್ಕದಲ್ಲಿ ಒಂದು ಗೆರೆ ಅಂದರೆ ಕಾಲು, ಎರಡು ಗೆರೆ ಅರೆ, ಮೂರು ಮುಕ್ಕಾಲು. ಅಂದರೆ ಆರೂಕಾಲು. ಆರು ತಿಂಗಳಿಗೆ ಕಾಲು ಪಾಲು ಬಡ್ಡಿ, ಅದೂ ಮಳೆಗಾಲದಲ್ಲಿ ಹೊಟ್ಟೆಗಿಲ್ಲದವನಿಂದ. ಅಳೆಸಿಕೊಂಡವರು ನಮ್ಮ ಮನೆಯವರು. ಆ ದಿನ ನನಗೆ ಊಟ ಸೇರಲಿಲ್ಲ.

ಮರುವರ್ಷ ವಿಕಾರಿ ಸಂವತ್ಸರ. ಆಷಾಢದಲ್ಲಿ ಅದೇ ಮನೆಯವನ ಹೆಸರಿಗೆ 8 ಕೊಳಗ ಇದೆ. ಅದು ತೀರಿದ ಲೆಕ್ಕ ಮುಂದಿನ ಮಡಿಕೆಯಲ್ಲಿ ಇರಬೇಕಿತ್ತು. ನಾನು ಒರೆಸಿದ್ದು ಆ ಮಡಿಕೆಯನ್ನೇ. ಈಗಲೂ ಆಗಾಗ ಅದಕ್ಕೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ಒಂದು ‘ಕೊ’ ಕಾಣುತ್ತದೆ. ಅದರಾಚೆ, ಅಂಕಿ ಹೋದ ಜಾಗದ ಪಕ್ಕ, ಎರಡು ನಿಂತ ಗೆರೆ.