ಸೌದಿ ಖಜಾನೆಯ ಬಿಸಿ ನಮ್ಮ ಇಕಾಮಾಕ್ಕೆ (ಅಲ್ಲಿನ ವಾಸದ ಪರವಾನಗಿಗೆ) ಹೇಗೆ ತಟ್ಟುತ್ತದೆ?

ಮಂಗಳೂರು, ಉಡುಪಿ ಕಡೆ ಯಾರಿಗಾದರೂ ಸೌದಿ ವೀಸಾ ಬಂತು ಅಂದರೆ ಸಾಕು, "ಅಲ್ಲಿ ಟ್ಯಾಕ್ಸ್ ಇಲ್ಲ ಮಾರಾಯ್ರೆ, ಸಂಬಳ ಇಡೀ ಕೈಗೆ" ಅನ್ನುವವರು ನಾಲ್ಕು ಜನ ಇರುತ್ತಾರೆ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅಲ್ಲಿನ ಸರ್ಕಾರಕ್ಕೆ ದುಡ್ಡು ಸಾಲದೆ ಬಂದಾಗ ಅದು ಬೇರೆ ಬಾಗಿಲಿನಿಂದ ನಮ್ಮ ಹತ್ತಿರ ಬರುತ್ತದೆ.

2024ರಲ್ಲಿ ಸೌದಿ ಸರ್ಕಾರಕ್ಕೆ ಬಂದ ಆದಾಯ ಸುಮಾರು 1.26 ಲಕ್ಷ ಕೋಟಿ ರಿಯಾಲ್. ಅದರಲ್ಲಿ ನೂರಕ್ಕೆ 60 ಪಾಲು ಎಣ್ಣೆಯದ್ದು. ಖರ್ಚು 1.37 ಲಕ್ಷ ಕೋಟಿ ದಾಟಿತು. 2026ರ ಬಜೆಟ್‌ನಲ್ಲಂತೂ 16,500 ಕೋಟಿ ರಿಯಾಲ್ ಕೊರತೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ಖರ್ಚು ಇಳಿಸಬಹುದಲ್ವಾ ಅಂತ ಕೇಳಬಹುದು. ಅಷ್ಟು ಸುಲಭ ಇಲ್ಲ. ದೊಡ್ಡ ಖರ್ಚು ಸರ್ಕಾರಿ ನೌಕರರ ಸಂಬಳದ್ದು. 2022ರ ಜನಗಣತಿ ಪ್ರಕಾರ ಸೌದಿ ಪ್ರಜೆಗಳಲ್ಲಿ ನೂರಕ್ಕೆ 63 ಜನ 30 ವರ್ಷದ ಒಳಗಿನವರು. ಅವರಿಗೆಲ್ಲ ಕೆಲಸ ಬೇಕು, ಮನೆ ಬೇಕು. ಮೇಲಿಂದ ಎಣ್ಣೆಯ ಮೇಲಿನ ಅವಲಂಬನೆ ತಗ್ಗಿಸುವ 'ವಿಷನ್ 2030'ರ ಯೋಜನೆಗಳು, 2030ರ ಎಕ್ಸ್‌ಪೋ, 2034ರ ಫುಟ್‌ಬಾಲ್ ವಿಶ್ವಕಪ್.

ಇನ್ನೊಂದು ಕಟ್ಟುಪಾಡೂ ಇದೆ. ಒಂದು ಡಾಲರ್‌ಗೆ 3.75 ರಿಯಾಲ್ ಅನ್ನುವ ದರ 1986ರಿಂದ ಬದಲಾಗಿಲ್ಲ. ರೂಪಾಯಿ ಇಳಿದಾಗ ಊರಿಗೆ ಜಾಸ್ತಿ ದುಡ್ಡು ಹೋಗುತ್ತದೆ ಅಂತ ನಾವು ಖುಷಿಪಡುವುದು ಇದರಿಂದಲೇ. ಆದರೆ ಕರೆನ್ಸಿ ಬೆಲೆ ಇಳಿಸಿ ಕೊರತೆ ತುಂಬಿಕೊಳ್ಳುವ ದಾರಿ ಸರ್ಕಾರಕ್ಕೆ ಇಲ್ಲ. ಉಳಿಯುವುದು ಕೂಡಿಟ್ಟದ್ದನ್ನು ತೆಗೆಯುವುದು, ಸಾಲ ಮಾಡುವುದು, ಶುಲ್ಕ ಏರಿಸುವುದು. 2014ರ ಕೊನೆಗೆ ಜಿಡಿಪಿಯ 2%ಕ್ಕಿಂತ ಕಡಿಮೆ ಇದ್ದ ಸಾಲ ಹತ್ತು ವರ್ಷದಲ್ಲಿ 25% ದಾಟಿದೆ. ಇದಕ್ಕೆ ಹೆದರಬೇಕಿಲ್ಲ. ನಮ್ಮಲ್ಲಿ ಕೇಂದ್ರ, ರಾಜ್ಯಗಳ ಸಾಲ ಸೇರಿಸಿದರೆ 80%ದ ಆಸುಪಾಸು ಇದೆ. ನಾವು ಕಣ್ಣಿಡಬೇಕಾದ್ದು ಶುಲ್ಕದ ಮೇಲೆ.

2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ಮೇಲಿದ್ದ ಎಣ್ಣೆ 2016ರ ಜನವರಿಯಲ್ಲಿ 30ರ ಕೆಳಗೆ ಇಳಿಯಿತು. ಅದರ ಪೆಟ್ಟು ನಮ್ಮವರಿಗೆ ಬಿದ್ದದ್ದು 2017ರ ಜುಲೈಯಲ್ಲಿ. ಜೊತೆಗಿರುವ ಹೆಂಡತಿ, ಮಕ್ಕಳು ಒಬ್ಬೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಅಂತ ಹಿಡಿಯಿರಿ: ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಈಗಿನ ದರದಲ್ಲಿ ಮೂರು ಲಕ್ಷ ರೂಪಾಯಿಗಿಂತ ಜಾಸ್ತಿ. ಇಕಾಮಾ ನವೀಕರಿಸುವಾಗ ಇದನ್ನು ಮೊದಲೇ ಕಟ್ಟಬೇಕು. ಸಂಬಳ ನಾಲ್ಕೈದು ಸಾವಿರ ರಿಯಾಲ್ ಇದ್ದವರಿಗೆ ಮೂರು ತಿಂಗಳ ದುಡಿಮೆ ಇದಕ್ಕೇ ಹೋಯಿತು. ಆ ವರ್ಷಗಳಲ್ಲಿ ಎಷ್ಟೋ ಜನ ಮನೆಯವರನ್ನು ಬಜ್ಪೆ ವಿಮಾನ ಹತ್ತಿಸಿ ತಾವು ಬ್ಯಾಚುಲರ್ ರೂಮಿಗೆ ಹೋದರು. ಈಗ ಫ್ಯಾಮಿಲಿ ಕರೆಸಿಕೊಳ್ಳುವ ಯೋಚನೆ ಇದ್ದರೆ ಬಾಡಿಗೆ, ಶಾಲೆ ಫೀಸಿಗಿಂತ ಮುಂಚೆ ಈ ಲೆಕ್ಕ ಹಾಕಿ.

ಕೆಲಸಗಾರನ ಹೆಸರಲ್ಲಿ ಕಂಪನಿ ಕಟ್ಟುವ ಶುಲ್ಕ ಬೇರೆ. ಅದು ತಿಂಗಳಿಗೆ 800 ರಿಯಾಲ್‌ವರೆಗೆ ಇದೆ. ಕಾನೂನು ಪ್ರಕಾರ ಅದು ಕಫೀಲ್‌ನ (ವೀಸಾ ಕೊಟ್ಟ ಮಾಲೀಕನ) ಹೊರೆ, ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ಲೈಸೆನ್ಸ್ ಇರುವ ಕಾರ್ಖಾನೆಗಳಿಗೆ ಇದನ್ನು 2025ರ ಡಿಸೆಂಬರ್‌ನಲ್ಲಿ ರದ್ದು ಮಾಡಿದರು. ಜುಬೈಲ್‌ನ ಕಾರ್ಖಾನೆಗಳಲ್ಲಿ ಇರುವವರಿಗೆ ಇದು ಒಳ್ಳೆ ಸುದ್ದಿ.

ವ್ಯಾಟ್ ವಿಷಯ ಎಲ್ಲರಿಗೂ ಗೊತ್ತು. 2018ರಲ್ಲಿ 5%, ಕೊರೋನಾ ಕಾಲದಲ್ಲಿ, 2020ರ ಜುಲೈಯಿಂದ, ಒಂದೇ ಏಟಿಗೆ 15%. ಆಮೇಲೆ ಇಳಿದಿಲ್ಲ.

ಸೌದೀಕರಣವನ್ನೂ, ಅಂದರೆ ಖಾಸಗಿ ಕೆಲಸಗಳನ್ನು ಸೌದಿ ಪ್ರಜೆಗಳಿಗೆ ಮೀಸಲಿಡುವುದನ್ನೂ, ಇದೇ ಕಣ್ಣಿನಿಂದ ನೋಡಬೇಕು. ಸರ್ಕಾರಿ ಕೆಲಸ ಕೊಡಲು ದುಡ್ಡಿಲ್ಲದಿದ್ದರೆ ಖಾಸಗಿ ಕೆಲಸ ಕೊಡಿಸಬೇಕು. 2016ರ ಸೆಪ್ಟೆಂಬರ್‌ನಲ್ಲಿ ಮೊಬೈಲ್ ಮಾರಾಟ, ರಿಪೇರಿ ಪೂರ್ತಿ ಸೌದಿಗಳಿಗೇ ಅಂತಾಯಿತು. ಕರಾವಳಿಯ, ಕೇರಳದ ಹುಡುಗರು ಆ ಅಂಗಡಿಗಳಲ್ಲೇ ಜೀವನ ಕಂಡುಕೊಂಡಿದ್ದರು. 2018ರಲ್ಲಿ ಹೆಂಗಸರಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಒಳ್ಳೆಯದೇ, ಆದರೆ ಹೌಸ್ ಡ್ರೈವರ್ ವೀಸಾವನ್ನೇ ನಂಬಿ ಹೊರಡುವವರು ಎರಡು ಸಲ ಯೋಚಿಸಿ. ಯಾವ ಕೆಲಸವನ್ನು ಅಲ್ಲಿನ ಯುವಕ ಯುವತಿಯರು ಆರು ತಿಂಗಳಲ್ಲಿ ಕಲಿಯಬಹುದೋ ಅದು ಪಟ್ಟಿಗೆ ಬೇಗ ಸೇರುತ್ತದೆ, ಇದು ನನ್ನ ಲೆಕ್ಕಾಚಾರ.

ಎಲ್ಲಕ್ಕಿಂತ ಅಪಾಯದ್ದು ಕಾಂಟ್ರ್ಯಾಕ್ಟ್ ಕಂಪನಿಗಳ ಪರಿಸ್ಥಿತಿ. ಖಜಾನೆ ಬಿಗಿಯಾದಾಗ ಸರ್ಕಾರ ಮೊದಲು ಮಾಡುವುದು ಬಿಲ್ ತಡಮಾಡುವುದು. ಬಿಲ್ ಬರದಿದ್ದರೆ ಕಂಪನಿ ಸಂಬಳ ನಿಲ್ಲಿಸುತ್ತದೆ. 2016ರಲ್ಲಿ ಸಾವಿರಾರು ಭಾರತೀಯರು ಸಂಬಳವಿಲ್ಲದೆ ಕ್ಯಾಂಪ್‌ಗಳಲ್ಲಿ ಸಿಕ್ಕಿಬಿದ್ದರು. ಆಗಿನ ವಿದೇಶಾಂಗ ರಾಜ್ಯ ಸಚಿವ ವಿ.ಕೆ. ಸಿಂಗ್ ಸೌದಿಗೇ ಹೋಗಿ ಮಾತುಕತೆ ಮಾಡಬೇಕಾಯಿತು. ಹಾಗಾಗಿ ಆಫರ್ ಲೆಟರ್ ಬಂದಾಗ ಸಂಬಳದ ಜೊತೆ ಇದನ್ನೂ ಕೇಳಿ: ಕಂಪನಿಗೆ ಕೆಲಸ ಕೊಡುವವರು ಯಾರು? ಒಂದೇ ದೊಡ್ಡ ಸರ್ಕಾರಿ ಯೋಜನೆ ನಂಬಿದ ಕಂಪನಿಯಾದರೆ, ಎಣ್ಣೆ ಬೆಲೆ ಇಳಿದಾಗ ನೀವೂ ಸುದ್ದಿ ನೋಡುತ್ತಿರಬೇಕು.

ಅಲ್ಲಿನ ಬಜೆಟ್ ವರ್ಷ ಜನವರಿಯಿಂದ ಡಿಸೆಂಬರ್. ಮುನ್ನೋಟ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಪೂರ್ತಿ ಬಜೆಟ್ ವರ್ಷದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲೂ ಸಿಗುತ್ತದೆ. 'ಎಣ್ಣೆಯೇತರ ಆದಾಯ', 'ಬಂಡವಾಳ ವೆಚ್ಚ' ಈ ಎರಡು ಸಾಲು ನೋಡಿದರೆ ಸಾಕು. ಮೊದಲನೆಯದು ಏರಿದರೆ ಶುಲ್ಕಗಳತ್ತ ಕಣ್ಣಿಡಿ. ಎರಡನೆಯದು ಇಳಿದರೆ ಕಟ್ಟಡ ಕೆಲಸದವರಿಗೆ ಕಷ್ಟ.

ಕೆಲಸ ಬಿಡುವ ಪರಿಸ್ಥಿತಿ ಬಂದರೆ ಸರ್ವಿಸ್ ಹಣದ ಲೆಕ್ಕ ನೆನಪಿರಲಿ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ನೀವಾಗಿ ರಾಜೀನಾಮೆ ಕೊಟ್ಟರೆ ಎರಡು ವರ್ಷದ ಒಳಗೆ ಏನೂ ಇಲ್ಲ, ಐದರ ತನಕ ಮೂರನೇ ಒಂದು ಪಾಲು, ಹತ್ತರ ತನಕ ಮೂರನೇ ಎರಡು ಪಾಲು. ಕಂಪನಿ ಅಲ್ಲಾಡುತ್ತಿದೆ ಅನ್ನಿಸಿದರೂ ಸಿಟ್ಟಿನಲ್ಲಿ ಸುಮ್ನೆ ರಾಜೀನಾಮೆ ಬರೆದುಕೊಡಬೇಡಿ. ಅವರೇ ಬಿಡಿಸಿದರೆ ಸಿಗುವುದು ಪೂರ್ತಿ.