ಬೀದರ, ಬೀದರ್, ಬೀದರಿನಲ್ಲಿ: ಹಳೆಯ ಕಾಗದಗಳಿಗೆ ಹುಡುಕಾಟ ಕಟ್ಟಿದ ಬಗೆ

ಕಲಬುರಗಿಯ ಒಂದು ಖಾಸಗಿ ಗ್ರಂಥಾಲಯದಲ್ಲಿ ಹಳೆಯ ಸ್ಮರಣ ಸಂಚಿಕೆಗಳು, ನಿಂತುಹೋದ ವಾರಪತ್ರಿಕೆಗಳು, ನಿಜಾಮರ ಕಾಲದ ದಾಖಲೆಗಳ ಕನ್ನಡ ಸಾರಾಂಶಗಳು, ಊರಿನ ಇತಿಹಾಸ ಬರೆದಿಟ್ಟವರ ಟಿಪ್ಪಣಿಗಳು ಸ್ಕ್ಯಾನ್ ಆಗಿ ಪಠ್ಯರೂಪಕ್ಕೆ ಬಂದಿದ್ದವು. ಹುಡುಕಲು ಮಾತ್ರ ದಾರಿ ಇರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಲೂಸೀನ್ ಆರಿಸಿಕೊಂಡೆ. ಡಗ್ ಕಟಿಂಗ್ 1999ರಲ್ಲಿ ಬರೆದ ಈ ಜಾವಾ ಹುಡುಕಾಟ ಲೈಬ್ರರಿಯೇ ಇವತ್ತಿಗೂ ಹುಡುಕಾಟ ಸರ್ವರುಗಳಾದ ಸೋಲರ್, ಎಲಾಸ್ಟಿಕ್‌ಸರ್ಚ್ ಎರಡರ ಒಳಗೂ ಕೆಲಸ ಮಾಡುತ್ತಿರುವುದು. ನಮ್ಮದು ಒಂದೇ ಕಂಪ್ಯೂಟರಿನ ವ್ಯವಹಾರ. ಅದಕ್ಕೆ ಸರ್ವರ್ ಕಟ್ಟಿ ಕಾಯುವ ಅಗತ್ಯ ನನಗೆ ಕಾಣಲಿಲ್ಲ, ನೇರವಾಗಿ ಲೂಸೀನ್ ಮೇಲೆಯೇ ಬರೆದೆ.

ಇಂಥ ಕೆಲಸ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಕ್ವೆರಿ, ಅಂದರೆ ಹುಡುಕುವ ಪ್ರಶ್ನೆ, ತಿದ್ದಲು ಕೂರುತ್ತಾರೆ. ಯಾವ ಪುಟ ಮೇಲೆ ಬರಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಲೆಕ್ಕ ಅದು. ಕನ್ನಡದ ಮಟ್ಟಿಗೆ ಅದು ಆಮೇಲಿನ ಮಾತು. ಇಂಡೆಕ್ಸಿಗೆ, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿಗೆ, ಹೋಗದ ಪದವನ್ನು ಯಾವ ಕ್ವೆರಿಯೂ ಹೊರಗೆ ತರಲಾರದು. ನನ್ನ ಹೆಚ್ಚಿನ ಸಮಯ ಹೋದದ್ದು ಅನಲೈಜರ್ ಮೇಲೆ, ಅಂದರೆ ಪಠ್ಯವನ್ನು ಪದಗಳಾಗಿ ಒಡೆದು, ಸೋಸಿ, ಇಂಡೆಕ್ಸಿಗೆ ಕೊಡುವ ಸರಪಳಿಯ ಮೇಲೆ.

ಮೊದಲ ತೊಡಕು ಕಣ್ಣಿಗೇ ಬೀಳುವಂಥದ್ದಲ್ಲ. ‘ಬೀದರ’ ಅಂತ ಹಾಕಿದರೆ ಕೆಲವು ಕಡತಗಳಿಂದ ಒಂದೂ ಪುಟ ಬರುತ್ತಿರಲಿಲ್ಲ. ಪರದೆ ಮೇಲೆ ನೋಡಿದರೆ ಅಲ್ಲಿ ‘ಬೀದರ’ ಅಂತಲೇ ಇದೆ. ಆ ಕಡತಗಳು ಮೊದಲು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿ, ಆಮೇಲೆ ಯೂನಿಕೋಡಿಗೆ ಪರಿವರ್ತನೆಯಾದವು. ಹಳೆಯ ಫಾಂಟಿನಲ್ಲಿ ದೀರ್ಘ ಬೇರೆಯೇ ಒಂದು ತುಂಡು. ಪರಿವರ್ತಕ ಅದನ್ನು ಹಾಗೇ ತಂದಿಟ್ಟಿತ್ತು: ಬ, ಅದರ ಮುಂದೆ ಗುಡಿಸು, ಅದರ ಮುಂದೆ ಬಿಡಿ ದೀರ್ಘ. ಫೋನಿನಲ್ಲಿ ಟೈಪ್ ಮಾಡುವವರು ಕಳಿಸುವುದು ಗುಡಿಸು-ದೀರ್ಘ ಎರಡೂ ಸೇರಿದ ಒಂದೇ ಸಂಕೇತ. ಕಣ್ಣಿಗೆ ಎರಡೂ ಒಂದೇ, ಇಂಡೆಕ್ಸಿಗೆ ಎರಡೂ ಬೇರೆ ಪದ. ‘ಕೋಟೆ’ಯದೂ ಇದೇ ಕಥೆ. ಬಹಮನಿ ಕೋಟೆಯ ಮೇಲಿನ ಲೇಖನಗಳು ಕಡತದಲ್ಲಿದ್ದೂ ಸಿಗುತ್ತಿರಲಿಲ್ಲ.

ಇದಕ್ಕೆ ನಾನು ಕೈಯಿಂದ ಕೋಡ್ ಬರೆಯಲಿಲ್ಲ. ಯೂನಿಕೋಡ್ ಪಠ್ಯ ನಿಭಾಯಿಸುವ ಲೂಸೀನಿನ ಐಸಿಯು ಭಾಗದಲ್ಲಿ, ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದೇ ಮಾಡುವ ನಾರ್ಮಲೈಜರ್ ಇದೆ. ಅದನ್ನು ‘ಎನ್‌ಎಫ್‌ಕೆಸಿ ಕೇಸ್‌ಫೋಲ್ಡ್’ ರೂಪದಲ್ಲಿ ಕೂಡಿಸಿದರೆ ತುಂಡಾದ ಸ್ವರಚಿಹ್ನೆಗಳನ್ನು ಒಂದುಗೂಡಿಸುತ್ತದೆ. ಜೊತೆಗೆ ಅಕ್ಷರ ಜೋಡಿಸಲು, ಬಿಡಿಸಲು ಬಳಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕ, ಬಿಡಿಸುಕ ಎಂಬ ಸಂಕೇತಗಳನ್ನೂ ತೆಗೆದುಹಾಕುತ್ತದೆ. ‘ಶಹಾಬಾದ್‌ನಲ್ಲಿ’ ಎಂದು ಬರೆಯುವಾಗ ನಾವೆಲ್ಲ ಒತ್ತುವ ಆ ಬಿಡಿಸುಕ ಪದದ ಒಳಗೇ ಉಳಿದುಬಿಡುತ್ತದೆ, ಪಠ್ಯವನ್ನು ಪದಗಳಾಗಿ ಒಡೆಯುವ ಸ್ಟ್ಯಾಂಡರ್ಡ್ ಟೋಕನೈಜರ್ ಅದನ್ನು ಬಿಸಾಡುವುದಿಲ್ಲ. ಈ ಸೋಸುವಿಕೆಯನ್ನು ಟೋಕನೈಜರಿಗಿಂತ ಮೊದಲೇ, ಕ್ಯಾರೆಕ್ಟರ್ ಫಿಲ್ಟರ್ ಹಂತದಲ್ಲಿ ಇಡಿ. ಆ ಹಂತದ ಫಿಲ್ಟರುಗಳು ಮೂಲಪಠ್ಯದಲ್ಲಿ ಅಕ್ಷರ ಎಲ್ಲಿತ್ತು ಎಂಬ ಲೆಕ್ಕ ಇಟ್ಟುಕೊಳ್ಳುತ್ತವೆ. ಹಾಗಾಗಿ ಫಲಿತಾಂಶದಲ್ಲಿ ಪದಕ್ಕೆ ಹಳದಿ ಬಣ್ಣ ಹಚ್ಚುವಾಗ ಜಾಗ ತಪ್ಪುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ೧೯೪೮ ಅಂತಿದ್ದು ಓದುಗರು 1948 ಅಂತ ಹುಡುಕುತ್ತಾರಲ್ಲ, ಅದಕ್ಕೆ ಡೆಸಿಮಲ್ ಡಿಜಿಟ್ ಫಿಲ್ಟರ್ ಒಂದೇ ಸಾಕಾಯಿತು.

ಅಸಲಿ ಕೆಲಸ ಇದ್ದದ್ದು ವಿಭಕ್ತಿಗಳಲ್ಲಿ. ಹಿಂದಿಗೆ, ಬಂಗಾಳಿಗೆ, ಪಕ್ಕದ ತೆಲುಗಿಗೂ ಲೂಸೀನಿನಲ್ಲಿ ತಯಾರಾದ ಅನಲೈಜರ್ ಇವೆ. ನಾನು ಬಳಸಿದ ಆವೃತ್ತಿಯಲ್ಲಿ ಕನ್ನಡಕ್ಕೆ ಇರಲಿಲ್ಲ. ಸರಿ, ಒಡೆದ ಪದಗಳನ್ನು ಸೋಸುವ ಒಂದು ಟೋಕನ್ ಫಿಲ್ಟರ್ ನಾನೇ ಬರೆದೆ. ತರ್ಕ ಸರಳ: ಉದ್ದದ ಪ್ರತ್ಯಯ ಮೊದಲು. ‘ಲ್ಲಿ’, ‘ಯಿಂದ’, ‘ನ್ನು’, ‘ಗೆ’ ಇತ್ಯಾದಿ ತೆಗೆ. ನಡುವೆ ಉಳಿದ ಯ, ನ, ದ, ವ ಬಿಡಿಸು. ಕೊನೆಗೆ ಉಳಿದ ಸ್ವರಚಿಹ್ನೆ ತೆಗೆ. ‘ಊರು’, ‘ಊರಿಗೆ’, ‘ಊರಲ್ಲಿ’ ಮೂರೂ ‘ಊರ’ ಆಗಿ ನಿಲ್ಲುತ್ತವೆ. ‘ಊರ’ ಎಂಬುದು ಬಿಡಿಪದವೇ ಅಲ್ಲ ಅಂತ ವ್ಯಾಕರಣ ಬಲ್ಲವರು ಮುಖ ಸಿಂಡರಿಸಬಹುದು. ಇಂಡೆಕ್ಸಿಗೆ ಅದರ ಚಿಂತೆ ಇಲ್ಲ, ಹುಡುಕುವಾಗಲೂ ಅದೇ ಕತ್ತರಿ ಬಿದ್ದರೆ ಸಾಕು. ‘ಹಲ್ಲಿ’ಯಿಂದ ‘ಲ್ಲಿ’ ತೆಗೆದು ಬರೀ ‘ಹ’ ಉಳಿಯದಂತೆ, ಉಳಿಯುವ ಭಾಗಕ್ಕೆ ಕನಿಷ್ಠ ಉದ್ದ ಕಟ್ಟಿದೆ.

ಕೊನೆಯ ಸ್ವರಚಿಹ್ನೆಯ ಜೊತೆ ಹಲಂತವನ್ನೂ ತೆಗೆಯುವಂತೆ ಮಾಡಿದ್ದು ನಮ್ಮ ಕಡೆಗೆ ಬಹಳ ಕೆಲಸಕ್ಕೆ ಬಂತು. ಬೆಂಗಳೂರಿನ ಪತ್ರಿಕೆಗಳು ‘ಬೀದರ್’, ‘ಶಹಾಬಾದ್’, ‘ಪಾಟೀಲ್’ ಅಂತ ಬರೆಯುತ್ತವೆ. ಇಲ್ಲಿನವರು ಬರೆಯುವುದು ‘ಬೀದರ’, ‘ಶಹಾಬಾದ’, ‘ಪಾಟೀಲ’. ಹಲಂತ ಹೋದರೆ ಎರಡೂ ಒಂದೇ.

ಆದರೆ ಇದೇ ಕತ್ತರಿ ನಮ್ಮ ಊರುಗಳ ಹೆಸರಿಗೇ ಬಿತ್ತು. ಆಳಂದ, ಔರಾದ, ಹುಮನಾಬಾದ, ಶಹಾಬಾದ ಎಲ್ಲ ‘ದ’ದಲ್ಲೇ ಮುಗಿಯುತ್ತವೆ. ಫಿಲ್ಟರ್ ಅದನ್ನು ಷಷ್ಠಿ ಅಂದುಕೊಂಡು ‘ಆಳಂದ’ವನ್ನು ‘ಆಳಂ’ ಮಾಡುತ್ತದೆ, ‘ಆಳಂದದ’ ಎಂಬುದನ್ನು ‘ಆಳಂದ’ ಮಾಡುತ್ತದೆ. ಹೀಗೆ ಊರು ಎರಡಾಗುತ್ತದೆ. ಬೇರೆ ಘರ್ಷಣೆಗಳೂ ಇವೆ: ಹಳ್ಳ ಮತ್ತು ಹಳ್ಳಿ ಎರಡೂ ‘ಹಳ್ಳ’. ಕೆರೆಯ ಹೂಳಿನ ಬಗ್ಗೆ ಹುಡುಕಿದವರಿಗೆ ಕಾಲಿನ ಕೆರ ಮಾಡುವವರ ಬಗೆಗಿನ ಲೇಖನ ಬರುತ್ತದೆ.

ಪರಿಹಾರವಾಗಿ ಒಂದು ಕಾಯ್ದಿಟ್ಟ ಪದಗಳ ಪಟ್ಟಿ ಮಾಡಿದೆ. ಇದಕ್ಕಾಗಿ ಲೂಸೀನಿನಲ್ಲಿ ಕೀವರ್ಡ್ ಮಾರ್ಕರ್ ಎಂಬ ಫಿಲ್ಟರ್ ಇದೆ. ಆದರೆ ಅದು ಪದ ಇಡಿಯಾಗಿ ಪಟ್ಟಿಯಲ್ಲಿದ್ದರೆ ಮಾತ್ರ ಕಾಯುತ್ತದೆ. ‘ಆಳಂದ’ ಉಳಿಯುತ್ತದೆ, ‘ಹಳ್ಳಿಯಲ್ಲಿ’ ಮತ್ತೆ ‘ಹಳ್ಳ’ವೇ ಆಗುತ್ತದೆ. ಹಾಗಾಗಿ ಪಟ್ಟಿ ನೋಡುವ ಕೆಲಸವನ್ನು ನನ್ನ ಫಿಲ್ಟರಿನ ಒಳಗೇ ತಂದೆ. ಒಂದೊಂದು ತುಂಡು ಕತ್ತರಿಸಿದ ಮೇಲೂ ಪಟ್ಟಿ ನೋಡು, ಉಳಿದದ್ದು ಅಲ್ಲಿದ್ದರೆ ಅಲ್ಲೇ ನಿಲ್ಲು. ‘ಹಳ್ಳಿಯಲ್ಲಿ’ ಎಂಬುದು ‘ಹಳ್ಳಿಯ’ ಆಗಿ, ‘ಹಳ್ಳಿ’ ಆಗಿ, ಅಲ್ಲಿ ನಿಲ್ಲುತ್ತದೆ. ನಮ್ಮ ಸುತ್ತಲಿನ ಮೂರು ಜಿಲ್ಲೆಗಳ ತಾಲೂಕು, ಹೋಬಳಿ, ಹಳ್ಳಿಗಳ ಹೆಸರನ್ನು ಆ ಪಟ್ಟಿಗೆ ಸೇರಿಸಿದ ಮೇಲೆ ಫಿಲ್ಟರ್ ಸುಧಾರಿಸಿದಷ್ಟು, ಪ್ರತ್ಯಯದ ನಿಯಮಗಳನ್ನು ಎಷ್ಟು ತಿದ್ದಿದರೂ ಸುಧಾರಿಸಿರಲಿಲ್ಲ. ಕನ್ನಡಕ್ಕೆ ಸ್ಟೆಮರ್, ಅಂದರೆ ಹೀಗೆ ಪ್ರತ್ಯಯ ಕತ್ತರಿಸುವ ಫಿಲ್ಟರ್, ಬರೆಯುವವರು ನಿಯಮಕ್ಕಿಂತ ಮೊದಲು ತಮ್ಮ ಸೀಮೆಯ ಹೆಸರುಗಳ ಪಟ್ಟಿ ಮಾಡಿಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ.

ಹೆಸರು ಬದಲಾದ ಊರುಗಳದ್ದು ಇನ್ನೊಂದು ಬಗೆ. ಗ್ರಂಥಾಲಯ ನೋಡಿಕೊಳ್ಳುವ ಮೇಡಂ ಒಂದಿನ ಹೇಳಿದರು: “ಸುರಪುರ ಅಂತ ಹಾಕಿದ್ರ ಅರ್ಧಾ ಕಾಗದ ಬರಂಗಿಲ್ರಿ ಸರ. ಹಳೇ ಮಂದಿ ಶೋರಾಪುರ ಅಂತೇ ಬರೀತಿದ್ರು.” ಅಕ್ಷರ ಆಚೀಚೆಯಾದರೂ ಹುಡುಕುವ ಫಜಿ ಕ್ವೆರಿ ಇದಕ್ಕೆ ಆಗುವುದಿಲ್ಲ. ಲೂಸೀನಿನ ಫಜಿ ಹೆಚ್ಚೆಂದರೆ 2 ಬದಲಾವಣೆ ಸಹಿಸುತ್ತದೆ. ಸುರಪುರದಿಂದ ಶೋರಾಪುರಕ್ಕೆ ಹೋಗಲು 3 ಬೇಕು: ಸ ಹೋಗಿ ಶ, ಕೊಂಬು ಹೋಗಿ ಓತ್ವ, ರ-ಗೆ ದೀರ್ಘ. ಇತ್ತ 2 ಬದಲಾವಣೆ ಬಿಟ್ಟುಕೊಟ್ಟರೆ ‘ತೊಗರಿ’ ಕೇಳಿದವರಿಗೆ ‘ತೊಗಲು’ ಬರುತ್ತದೆ. ತೊಗರಿಯ ನಾಡಿನಲ್ಲಿ ಇದು ನಗೆಪಾಟಲು. ಫಜಿಯನ್ನು 1ಕ್ಕೆ ಇಳಿಸಿದೆ, ಮೊದಲ ಎರಡು ಸಂಕೇತ ಬದಲಾಗದಂತೆ ಕಟ್ಟಿದೆ. ಅದೂ ಬೇರೇನೂ ಸಿಗದಿದ್ದಾಗ ಮಾತ್ರ ಓಡುತ್ತದೆ.

ಹೆಸರುಗಳಿಗೆ ಸಮಾನಪದಗಳ ಕಡತವೇ ಸರಿ. ಗುಲಬರ್ಗಾ, ಗುಲ್ಬರ್ಗಾ, ಕಲಬುರ್ಗಿ, ಕಲಬುರಗಿ ಒಂದು ಸಾಲು. 2014ರ ನವೆಂಬರ್ 1ಕ್ಕೆ ಹೆಸರು ಅಧಿಕೃತವಾಗಿ ಬದಲಾಯಿತಾದರೂ ನಮ್ಮ ಕಾಗದಗಳಲ್ಲಿ ಬಹುಪಾಲು ಅದಕ್ಕಿಂತ ಹಿಂದಿನವು. ಬಸವಕಲ್ಯಾಣ ಮಾತ್ರ ಒಮ್ಮುಖ. ‘ಬಸವಕಲ್ಯಾಣ’ ಕೇಳಿದರೆ ಅದರ ಹಳೆಯ ಹೆಸರಾದ ‘ಕಲ್ಯಾಣಿ’ಯನ್ನೂ ಹುಡುಕು, ‘ಕಲ್ಯಾಣ’ ಕೇಳಿದರೆ ಊರನ್ನು ಎಳೆದುತರಬೇಡ. ಇಲ್ಲದಿದ್ದರೆ ಸಮಾಜ ಕಲ್ಯಾಣ ಇಲಾಖೆ, 2019ರಿಂದೀಚಿನ ಕಲ್ಯಾಣ ಕರ್ನಾಟಕ ಎಲ್ಲ ಒಂದೇ ರಾಶಿಗೆ ಬೀಳುತ್ತವೆ. ‘ಕಲ್ಯಾಣಿ’ಯೂ ಕಾಯ್ದಿಟ್ಟ ಪಟ್ಟಿಯಲ್ಲಿದೆ, ಇಲ್ಲವಾದರೆ ಕತ್ತರಿ ಬಿದ್ದು ಅದೂ ‘ಕಲ್ಯಾಣ’ವಾಗುತ್ತಿತ್ತು. ಈ ಕಡತವನ್ನು ಇಂಡೆಕ್ಸ್ ಕಡೆ ಇಡದೆ ಕ್ವೆರಿ ಕಡೆ ಇಟ್ಟೆ. ಮೇಡಂ ಹೊಸ ಸಾಲು ಬರೆದು ಪ್ರೋಗ್ರಾಂ ಮತ್ತೆ ಶುರು ಮಾಡಿದರೆ ಮುಗಿಯಿತು. ಸ್ಟೆಮರ್ ಅಥವಾ ಕಾಯ್ದ ಪಟ್ಟಿ ಮುಟ್ಟಿದರೆ ಮಾತ್ರ ಇಡೀ ಇಂಡೆಕ್ಸ್ ಮತ್ತೆ ಕಟ್ಟಬೇಕು.

ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷದ ವಿಚಾರ ಬಹುಶಃ ನಮ್ಮ ಭಾಗದವರಿಗೆ ಮಾತ್ರ ಬೇಕಾದದ್ದು. ನಿಜಾಮರ ಆಡಳಿತದ ಕಾಗದಗಳಲ್ಲಿ ಹೆಚ್ಚಾಗಿ ಇಸವಿ ಇರುವುದಿಲ್ಲ, ‘1357 ಫಸಲಿ’ ಅಂತಿರುತ್ತದೆ. 590 ಕೂಡಿಸಿದರೆ 1947. ವರ್ಷ ಅಕ್ಟೋಬರ್ ಸುಮಾರಿಗೆ ಶುರುವಾಗುವುದರಿಂದ ಅದು 1948ರೊಳಗೂ ಚಾಚುತ್ತದೆ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಅದೇ ಫಸಲಿಗೆ ಬೀಳುತ್ತದೆ. ಹಾಗಾಗಿ ಪುಟದಲ್ಲಿ ಫಸಲಿ ಸಂಖ್ಯೆ ಸಿಕ್ಕಾಗ ‘ವರ್ಷ’ ಎಂಬ ಸಂಖ್ಯಾ ಫೀಲ್ಡಿಗೆ ಎರಡೂ ಇಸವಿ ಸೇರಿಸಿದೆ. 1947ರಿಂದ 1956ರವರೆಗೆ ಎಂದು ವ್ಯಾಪ್ತಿ ಕೊಟ್ಟು ಹುಡುಕಿದರೆ ಈಗ ಫಸಲಿ ಕಾಗದಗಳೂ ಬರುತ್ತವೆ.

ಇಷ್ಟಾದ ಮೇಲೆ ಕ್ವೆರಿ. ಟೈಪ್ ಮಾಡಿದ್ದನ್ನು ಕ್ವೆರಿಯಾಗಿ ಬಿಡಿಸುವ ಲೂಸೀನಿನ ಕ್ಲಾಸಿಕ್ ಕ್ವೆರಿ ಪಾರ್ಸರನ್ನು ಓದುಗರ ಕೈಗೆ ಕೊಡಬೇಡಿ. ‘12/1357’ ಎಂದು ಕಡತದ ಸಂಖ್ಯೆ ಹಾಕಿದರೆ ಓರೆಗೆರೆಯನ್ನು ಪದದ ಮಾದರಿ ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂದುಕೊಂಡು ದೋಷ ಎಸೆಯುತ್ತದೆ. ಸಿಂಪಲ್ ಕ್ವೆರಿ ಪಾರ್ಸರ್ ಏನು ಕೊಟ್ಟರೂ ನುಂಗಿಕೊಳ್ಳುತ್ತದೆ. ಅದನ್ನು ವಿಸ್ತರಿಸಿ, ಪ್ರತಿ ಪದವನ್ನೂ ಮೂರು ಫೀಲ್ಡುಗಳಲ್ಲಿ ಹುಡುಕಿಸಿದೆ: ಶೀರ್ಷಿಕೆ, ಕತ್ತರಿ ಬೀಳದ ಪಠ್ಯ, ಕತ್ತರಿ ಬಿದ್ದ ಪಠ್ಯ. ತೂಕ 4, 2, 1. ಮೂರರ ಅಂಕ ಕೂಡಿಸದೆ ದೊಡ್ಡದನ್ನು ಮಾತ್ರ ಹಿಡಿಯುವ ಡಿಸ್‌ಜಂಕ್ಷನ್ ಮ್ಯಾಕ್ಸ್ ಬಳಸಿದೆ. ಕೂಡಿಸಿದರೆ ಒಂದೇ ಪದಕ್ಕೆ ಮೂರು ಸಲ ಅಂಕ ಸಿಕ್ಕು, ಎರಡು ಪದ ಇರುವ ಪುಟ ಕೆಳಗೆ ಹೋಗುತ್ತದೆ. ‘ಮತ್ತು’, ‘ಎಂದು’ ಮುಂತಾದ ನಿಲುಗಡೆ ಪದಗಳನ್ನು ತೆಗೆಯಲಿಲ್ಲ. ಎಲ್ಲೆಡೆ ಇರುವ ಪದಕ್ಕೆ ಅಂಕಪದ್ಧತಿ ತಾನೇ ಬೆಲೆ ಕಡಿಮೆ ಮಾಡುತ್ತದೆ, ತೆಗೆದರೆ ಉದ್ಧರಣ ಚಿಹ್ನೆಯೊಳಗಿನ ನುಡಿಗಟ್ಟಿನ ಹುಡುಕಾಟ ಹದಗೆಡುತ್ತದೆ.

ಅಂಕಪದ್ಧತಿಯಲ್ಲಿ ತಿದ್ದಿದ್ದು ಒಂದೇ. ಲೂಸೀನ್ 6ರಿಂದ ಬಿಎಂ25 ಎಂಬ ಅಂಕದ ಸೂತ್ರ ಪೂರ್ವನಿಯೋಜಿತ. ಅದರಲ್ಲಿ ಪಠ್ಯದ ಉದ್ದಕ್ಕೆ ದಂಡ ಹಾಕುವ ‘ಬಿ’ ಎಂಬ ಬೆಲೆ 0.75. ನಾವು ಪುಸ್ತಕವನ್ನಲ್ಲ, ಒಂದೊಂದು ಪುಟವನ್ನು ದಾಖಲೆಯಾಗಿ ಇಂಡೆಕ್ಸ್ ಮಾಡಿದ್ದೆವು. ಸ್ಮರಣ ಸಂಚಿಕೆಗಳ ಜಾಹೀರಾತು ಪುಟಗಳಲ್ಲಿ ಇರುವುದೇ ನಾಲ್ಕು ಸಾಲು, ಅದರಲ್ಲಿ ಎರಡು ಸಲ ‘ಗುಲಬರ್ಗಾ’. ಊರಿನ ಇತಿಹಾಸ ಕೇಳಿದವರಿಗೆ ಬಟ್ಟೆ ಅಂಗಡಿ, ದಾಲ್ ಮಿಲ್ಲುಗಳ ಶುಭಾಶಯವೇ ಮೊದಲು ಬರುತ್ತಿತ್ತು. ‘ಬಿ’ಯನ್ನು 0.3ಕ್ಕೆ ಇಳಿಸಿದಾಗ ಅವು ಕೆಳಗೆ ಸರಿದವು. ಈ ಬೆಲೆ ಲೆಕ್ಕಕ್ಕೆ ಬರುವುದು ಹುಡುಕುವ ಹೊತ್ತಿನಲ್ಲಿ, ಆದ್ದರಿಂದ ಇಂಡೆಕ್ಸ್ ಮತ್ತೆ ಕಟ್ಟದೆಯೇ ಬೇರೆ ಬೇರೆ ಬೆಲೆ ಹಾಕಿ ನೋಡಬಹುದು. ಯಾವ ಪುಟಕ್ಕೆ ಆ ಅಂಕ ಯಾಕೆ ಬಂತು ಎಂಬುದನ್ನು ‘ಎಕ್ಸ್‌ಪ್ಲೇನ್’ ಕರೆದರೆ ಸಾಲುಸಾಲಾಗಿ ಬಿಡಿಸಿ ತೋರಿಸುತ್ತದೆ. ಇಂಡೆಕ್ಸಿನೊಳಗೆ ಪದ ಯಾವ ರೂಪದಲ್ಲಿದೆ ಎಂದು ನೋಡಲು ಲೂಸೀನಿನ ಜೊತೆಗೇ ಬರುವ ‘ಲ್ಯೂಕ್’ ಇದೆ. ‘ಆಳಂ’ ಎಂಬ ಊರು ಕಣ್ಣಿಗೆ ಬಿದ್ದದ್ದು ಅದರಲ್ಲೇ.

ಗ್ರಂಥಾಲಯದಲ್ಲಿರುವ ಉರ್ದು ಪುಸ್ತಕಗಳ ಶೀರ್ಷಿಕೆಗಳನ್ನು ಇನ್ನೂ ಮುಟ್ಟಿಲ್ಲ. ಕನ್ನಡದಲ್ಲಿ ಟೈಪ್ ಮಾಡಿ ಉರ್ದು ಪುಸ್ತಕ ಹುಡುಕುವಂತೆ ಐಸಿಯು ಲಿಪ್ಯಂತರ ಹಾಕಬಹುದೇ ಎಂದು ಹಲವರು ಕೇಳಿದ್ದಾರೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಲಿಪ್ಯಂತರದಲ್ಲಿ ಬರೀ ವ್ಯಂಜನಗಳ ಎಲುಬು ಉಳಿಯುತ್ತದೆ. ಸದ್ಯಕ್ಕೆ ಕ್ಯಾಟಲಾಗಿನಲ್ಲಿ ಪ್ರತಿ ಉರ್ದು ಪುಸ್ತಕದ ಎದುರು ಕನ್ನಡದಲ್ಲಿ ಹೆಸರು ಬರೆಸುವ ಕೆಲಸ ನಡೆದಿದೆ. ಎರಡೂ ಭಾಷೆ ಓದುವ ಇಬ್ಬರು ವಿದ್ಯಾರ್ಥಿಗಳು ಸಂಜೆ ಹೊತ್ತು ಬಂದು ತುಂಬುತ್ತಿದ್ದಾರೆ.